ನಾಲ್ಕು ಹೋಳಾದ ಕಾದಂಬರಿ

"ಮಾಸ್ತರ, ಪುಸ್ತಕ ಓದಿ ಮುಗಿಸಿದೆ. ಭಾಳ ಛಲೋ ಅದ. ಆದರ ಇದರಾಗಿನ ಮಂದಿ ಯಾರು?"

ಬೇಸಿಗೆಯಲ್ಲಿ ದಾಂಡೇಲಿಯಿಂದ ನನಗೆ ಬಂದ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ. ಬರೆದವರು ಅಲ್ಲಿಯ ಕಟ್ಟಿಗೆ ಡಿಪೋದ ಕಾರಕೂನ ಗೋಪಾಳರಾಯರು. ಹುಚ್ಚರಲ್ಲ. ದಿಮ್ಮಿಗಳ ಲೆಕ್ಕವನ್ನು ತಪ್ಪಿಲ್ಲದೆ ಇಡುವವರು. ಅಂಥವರು ಒಂದು ಕಾದಂಬರಿಯನ್ನು ಓದಿ, ಮೆಚ್ಚಿ, ಅದರಲ್ಲಿರುವವರು ಯಾರೆಂದು ಕೇಳುತ್ತಾರೆಂದರೆ ತಪ್ಪು ಯಾರದು?

ನನ್ನದು ಎಂದು ಈಗ ಎಲ್ಲರೂ ಹೇಳುತ್ತಾರೆ. ವಾಚಕರೇ ಪೂರ್ತಿ ಕೇಳಿ ತೀರ್ಮಾನಿಸಲಿ.

ಶಾಲೆಯ ಕೆಲಸ ಬಿಟ್ಟ ಮೇಲೆ ಹಳಿಯಾಳದಲ್ಲಿ ಕುಳಿತು ನಾನು ಒಂದು ಓದುಗರ ಬಳಗ ಕಟ್ಟಿದ್ದನ್ನು ಈ ಅಂಕಣದಲ್ಲಿ ಹಿಂದೆಯೇ ತಿಳಿಸಿದ್ದೇನೆ. ಇರುವವರು ನಾಲ್ವರೇ. ದಾಂಡೇಲಿಯ ಗೋಪಾಳರಾಯರು. ಮುಂಡಗೋಡದ ಜೋಳದ ವ್ಯಾಪಾರಿ ಶಿವಬಸಪ್ಪನವರು. ಜೋಯಿಡಾದ ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿರುವ ಶಾಂತಾಬಾಯಿಯವರು (ಮನೆಮಾತು ಕೊಂಕಣಿ, ಕನ್ನಡವನ್ನು ಕಾದಂಬರಿಗಳಿಂದಲೇ ಕಲಿತವರು). ನಾಲ್ಕನೆಯವನು ನಾನು. ಓದಿದ್ದು ಎಷ್ಟು, ಅನಿಸಿದ್ದು ಏನು ಎಂಬುದನ್ನು ಒಬ್ಬರಿಗೊಬ್ಬರು ತಿಳಿಸಬೇಕು, ಇದಿಷ್ಟೇ ಉದ್ದೇಶ. ಅದಕ್ಕಾಗಿ ನಾನು ಒಂದು ಚೀಟಿಯ ಕ್ರಮ ಮಾಡಿಕೊಟ್ಟೆ. ಓದಿದವರು ತಮ್ಮ ಹೆಸರು, ಮುಟ್ಟಿದ ಪುಟ, ಎರಡು ವಾಕ್ಯಕ್ಕೆ ಮೀರದ ಅಭಿಪ್ರಾಯ ಬರೆದು ಪುಸ್ತಕದೊಳಗೆ ಇಡುವುದು. ನಿಯಮ ಒಂದೇ: ಇನ್ನೊಬ್ಬರು ಮುಟ್ಟದ ಪುಟದ ಸುದ್ದಿಯನ್ನು ಅವರಿಗೆ ಹೇಳಕೂಡದು.

ಇದರಲ್ಲಿ ಕಠಿಣವಾದದ್ದು ಏನಿದೆ? ಕಥೆಯ ಕೊನೆಯನ್ನು ತಾನೇ ಓದಿ ತಿಳಿಯುವುದು ಓದುಗನ ಹಕ್ಕು. ಊಟಕ್ಕೆ ಕುಳಿತವನ ಎಲೆಗೆ ಕೈಹಾಕುವುದನ್ನು ಯಾರಾದರೂ ಸಹಿಸುತ್ತಾರೆಯೇ?

ತೊಂದರೆ ಬಂದದ್ದು ಪ್ರತಿಗಳಿಂದ. ಯುದ್ಧದ ದೆಸೆಯಿಂದ ಕಾಗದವಿಲ್ಲ. (ತಮ್ಮ ಕೈಯಲ್ಲಿರುವ ಈ ಪತ್ರಿಕೆಯೇ ಎಷ್ಟು ಸೊರಗಿದೆ ನೋಡಿರಿ.) ಧಾರವಾಡದಿಂದ ನನಗೆ ಸಿಕ್ಕಿದ್ದು ಒಂದೇ ಒಂದು ಪ್ರತಿ. ದೊಡ್ಡ ಸಾಮಾಜಿಕ ಕಾದಂಬರಿ; ಹೆಸರು ಬೇಡ. ಮಳೆ ಹಿಡಿಯಲು ಐದು ವಾರವಿತ್ತು. ಮಳೆ ಹಿಡಿದರೆ ಕಾಳಿ ನದಿ ಉಬ್ಬುತ್ತದೆ, ದೊಡ್ಡ ದೋಣಿ ನಿಲ್ಲುತ್ತದೆ, ಜೋಯಿಡಾ ಆಚೆಯ ದಡದಲ್ಲಿ ಉಳಿಯುತ್ತದೆ.

ನಾನು ಕುಳಿತು ಟೈಮ್‌ಟೇಬಲ್ ಹಾಕಿದೆ. ಪುಸ್ತಕವನ್ನು ನಾಲ್ಕು ಭಾಗ ಮಾಡಿದರೆ ಒಬ್ಬರಿಗೆ ಒಂದು ಭಾಗಕ್ಕೆ ಒಂದು ವಾರ. ಮೊದಲನೆಯ ಭಾಗದಿಂದಲೇ ಎಲ್ಲರೂ ಸಾಲಾಗಿ ತೊಡಗಿದರೆ ಏಳು ವಾರ ಹಿಡಿಯುತ್ತದೆ. ಆದರೆ ನಾಲ್ಕೂ ಭಾಗಗಳು ಮೊದಲ ವಾರವೇ ನಾಲ್ಕು ಊರಿಗೆ ಹೊರಟು, ವಾರಕ್ಕೊಮ್ಮೆ ಕೈ ಬದಲಾದರೆ ನಾಲ್ಕೇ ವಾರ! ಯಾವ ಭಾಗವೂ ಒಂದು ದಿನವೂ ವ್ಯರ್ಥವಾಗಿ ಬಿದ್ದಿರುವುದಿಲ್ಲ. ಗಣಿತದಲ್ಲಿ ಇಂದಿಗೂ ತಪ್ಪಿಲ್ಲ.

ನಾನು ಹೊಲಿಗೆ ಬಿಚ್ಚಿ, ಬೆನ್ನಿಗೆ ಚಾಕು ಹಾಕುತ್ತಿರುವಾಗ ಮನೆಯವರು ಬಂದು ನಿಂತರು.

"ಹಲಸಿನಹಣ್ಣು ಹೆಚ್ಚಿದಂಗ ಹೆಚ್ಚಾಕತ್ತೀರಲ್ಲ! ಕಥಿ ಅಲ್ಲೇನದು?"

"ಕಥಿನೇ. ವ್ಯವಸ್ಥಾ ಮಾಡಾಕತ್ತೇನಿ."

"ಹಂಗಾರ ಬುಡದ ಹೋಳು ಯಾರಿಗೆ, ತುದಿ ಹೋಳು ಯಾರಿಗೆ?"

ಒಂದನೆಯ ಭಾಗವನ್ನು ನಾನು ಇಟ್ಟುಕೊಂಡೆ. (ಪುಸ್ತಕ ನನ್ನದಲ್ಲವೇ?) ಎರಡನೆಯದು ಜೋಯಿಡಾಕ್ಕೆ, ಮೂರನೆಯದು ಮುಂಡಗೋಡಕ್ಕೆ, ನಾಲ್ಕನೆಯದು ದಾಂಡೇಲಿಗೆ ಹೋಯಿತು. ಮನೆಯವರ ಪ್ರಶ್ನೆಯಲ್ಲಿ ಅರ್ಥವಿತ್ತೆಂಬುದು ಗೋಪಾಳರಾಯರ ಕಾರ್ಡು ಬಂದ ದಿನ ತಿಳಿಯಿತು.

ಅದಕ್ಕಿಂತ ದೊಡ್ಡ ಎಡವಟ್ಟು ಎರಡನೆಯ ವಾರ ಹೊಳೆಯಿತು. ನಾಲ್ವರೂ ಬೇರೆ ಬೇರೆ ಭಾಗ ಓದಿದ್ದೇವೆ. ನಾನು ಓದಿದ್ದನ್ನು ಗೋಪಾಳರಾಯರು ಮುಟ್ಟಿಲ್ಲ. ಅವರು ಓದಿದ್ದನ್ನು ನಾನು ಮುಟ್ಟಿಲ್ಲ. ನಿಯಮದ ಪ್ರಕಾರ ಯಾರೂ ಯಾರಿಗೂ ಏನೂ ಹೇಳುವಂತಿಲ್ಲ. ಅಭಿಪ್ರಾಯ ಹಂಚಿಕೊಳ್ಳಲೆಂದು ಕಟ್ಟಿದ ಬಳಗದಲ್ಲಿ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಕುಳಿತರೆ ಅದು ಬಳಗವೋ, ಮೌನವ್ರತವೋ?

ಬೀಗ ಹಾಕಿಕೊಂಡರೆಂದೆನೇ? ತಪ್ಪಾಯಿತು. ಮೂರನೆಯ ವಾರ ಹಳಿಯಾಳದ ಸಂತೆಯಲ್ಲಿ ಶಿವಬಸಪ್ಪನವರು ಸಿಕ್ಕರು. ಜೋಳದ ಚೀಲಗಳ ನಡುವಿನಿಂದಲೇ ಕೂಗಿದರು.

"ಮಾಸ್ತರ! ಆ ಕಥ್ಯಾಗಿನ ಕಮಲಾಕ್ಷಿ ಗಂಡ ಅದಾನಲ್ಲ, ಎಂಥಾ ಮಳ್ಳ ಅಂತೀನಿ ಅಂವಾ! ಕಡೀಕ ಬಂದು—"

"ಶಿವಬಸಪ್ಪನವರ, ನಾ ಇನ್ನೂ ಎರಡನೇ ಭಾಗ ಈಗ ಮುಗಿಸೇನಿ."

"ಹೌದಾ? ಹಂಗಾರ ಆಕೀದು ಲಗ್ನ ಆಗತೈತಿ ಅನ್ನೂದು ಗೊತ್ತಿಲ್ಲೇನ ನಿಮಗ?"

"ಈಗ ಗೊತ್ತಾತು."

"ಅಯ್ಯ, ಲಗ್ನ ಏನ್ ಗುಟ್ಟಲ್ಲ ಬಿಡ್ರಿ. ಲಗ್ನ ಆದಮ್ಯಾಗ ಏನಾಕ್ಕೈತಿ ಅಂದ್ರ—"

ನಾನು ಕೊಡೆ ಬಿಚ್ಚಿ ನಮ್ಮಿಬ್ಬರ ನಡುವೆ ಹಿಡಿದೆ. ಬಿಸಿಲಿಗಲ್ಲ.

"ಇದೆಂಥಾ ಬಳಗರೀ?" ಎಂದರು ಅವರು ಕೊಡೆಯ ಆಚೆಯಿಂದ. "ಓದಿದ್ದು ಹೇಳಬಾರದು, ಓದಲಾರದ್ದು ಗೊತ್ತಿಲ್ಲ. ಮತ್ತ ಕೂಡಿ ಏನ್ ಮಾತಾಡೂದು? ಜೋಳದ ಸುದ್ದಿನ?"

ಜೋಳದ ಸುದ್ದಿಯನ್ನೇ ಮಾತನಾಡಿದೆವು. ಅದರ ಕೊನೆ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಈ ಓದುವ ಜನರ ಸಹವಾಸವೇ ಹೀಗೇಕೆ? ಒಬ್ಬರಿಗೆ ಪುಟದ ಸಂಖ್ಯೆಯೇ ಪೌರುಷ: "ನಿನ್ನೆ ಒಂದ ದಿನಕ್ಕ ಎಂಬತ್ತು ಪುಟ!" ಏನಿತ್ತು ಎಂದು ಕೇಳಿದರೆ "ಛಲೋ ಇತ್ತು." ಇನ್ನೊಬ್ಬರಿಗೆ ತಾವು ಓದಿದ್ದಕ್ಕಿಂತ ನೀವು ಓದಿಲ್ಲದಿರುವುದೇ ಹೆಚ್ಚು ಸಂತೋಷ. ಕೊನೆ ಗೊತ್ತಿದ್ದವನು ನಿಮ್ಮನ್ನು ನೋಡುವ ನೋಟವನ್ನು ಗಮನಿಸಿದ್ದೀರಾ? ತುಟಿ ಬಿಗಿದಿರುತ್ತದೆ, ಕಣ್ಣು ಎಲ್ಲವನ್ನೂ ಹೇಳುತ್ತಿರುತ್ತದೆ.

ಇಷ್ಟಾದರೂ ಟೈಮ್‌ಟೇಬಲ್ ನಡೆದಿತ್ತು. ವಾರಕ್ಕೊಮ್ಮೆ ಎಲ್ಲ ಭಾಗಗಳೂ ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸಿನಲ್ಲಿ ಕೆಮ್ಮುತ್ತ ಹಳಿಯಾಳಕ್ಕೆ ಬರುವುದು, ನಾನು ಅವನ್ನು ಮುಂದಿನವರಿಗೆ ಕಳಿಸುವುದು. ಹೀಗಾಗಿ ಕೊನೆಯ ಭಾಗ ದಾಂಡೇಲಿಯಿಂದ ಮುಂಡಗೋಡಕ್ಕೆ ಹೋಗುವಾಗ ಒಮ್ಮೆ, ಮುಂಡಗೋಡದಿಂದ ಜೋಯಿಡಾಕ್ಕೆ ಹೋಗುವಾಗ ಇನ್ನೊಮ್ಮೆ ನನ್ನ ಮೇಜಿನ ಮೇಲೆ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಕುಳಿತಿತ್ತು. ಎರಡು ಬಾರಿಯೂ ನಾನು ಗಂಟು ಬಿಚ್ಚಲಿಲ್ಲ. ನನ್ನ ಸರದಿ ನಾಲ್ಕನೆಯ ವಾರ.

ನಾಲ್ಕನೆಯ ವಾರ ಬರುವ ಮೊದಲೇ ಮಳೆ ಬಂತು. ಟೈಮ್‌ಟೇಬಲ್ ನೋಡದೆ ಬಂತು.

ಎರಡು ದಿನಗಳಲ್ಲಿ ಕಾಳಿ ಕೆಂಪಾಗಿ ಉಬ್ಬಿತು. ದೋಣಿ ನಿಂತಿತು. ಲೆಕ್ಕ ಹೀಗಾಯಿತು: ಗೋಪಾಳರಾಯರೂ ಶಿವಬಸಪ್ಪನವರೂ ಉಳಿದದ್ದನ್ನು ಬಸ್ಸಿನಲ್ಲಿ ತರಿಸಿಕೊಂಡು ಇಡೀ ಕಾದಂಬರಿ ಮುಗಿಸಿದರು. ಮೂರು ಭಾಗ ಓದಿದ ನಾನು ಹಳಿಯಾಳದಲ್ಲಿ. ನಾಲ್ಕನೆಯ ಭಾಗ ಜೋಯಿಡಾದಲ್ಲಿ. ಕೊನೆ ಓದಿದ ಶಾಂತಾಬಾಯಿಯವರು ಜೋಯಿಡಾದಲ್ಲಿ. ಅವರಿಗೆ ಹೋಗಬೇಕಾಗಿದ್ದ ಒಂದನೆಯ ಭಾಗ ನನ್ನ ಮೇಜಿನ ಮೇಲೆ. ನನಗೆ ಕೊನೆಯಿಲ್ಲ, ಅವರಿಗೆ ಮೊದಲಿಲ್ಲ. ನಡುವೆ ನದಿ.

ಮೂರನೆಯ ಭಾಗ ಮುಗಿದದ್ದಾದರೂ ಎಲ್ಲಿ? ಕಮಲಾಕ್ಷಿಯ ಗಂಡ ಅವಳ ಮೇಲೆ ಸಂಶಯಪಟ್ಟು ಊರುಬಿಟ್ಟಿದ್ದಾನೆ. ಅವನಿಗೆ ತಪ್ಪು ತಿಳಿದು ಹಿಂದಿರುಗಲು ಹೊರಟ ದಿನವೇ ಇತ್ತ ಅವಳಿಗೆ ಜ್ವರ ಬಂದಿದೆ. ಅಲ್ಲಿಗೆ ನನ್ನ ಚಾಕು ಬಿದ್ದಿದೆ.

ಮನೆಯವರು ಕೇಳಿದರು: "ಎರಡ ಸಲ ಕೈಯಾಗ ಬಂದಿತ್ತಲ್ಲ? ಒಂದೀಟು ಬಿಚ್ಚಿ ನೋಡಿದ್ರ ಏನಾಗ್ತಿತ್ತು?"

ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು.

ಮಳೆಗಾಲದಲ್ಲಿ ಜೋಯಿಡಾಕ್ಕೆ ಕಾಗದ ಮಾತ್ರ ಹೋಗುತ್ತದೆ. ಟಪಾಲಿನವನು ಚೀಲವನ್ನು ತಲೆಗೆ ಕಟ್ಟಿಕೊಂಡು, ನೀರು ಇಳಿದ ಹೊತ್ತು ನೋಡಿ ಸಣ್ಣ ದೋಣಿಯಲ್ಲಿ ದಾಟುತ್ತಾನೆ, ಪಾರ್ಸೆಲ್ ಮುಟ್ಟುವುದಿಲ್ಲ. ಶಾಂತಾಬಾಯಿಯವರಿಂದ ಕಾಗದ ಬಂತು.

"ಮಾಸ್ತರ, ನೀವು ನಾಲ್ಕು ತುಂಡು ಮಾಡಿದಿರಿ. ನಾನು ನಲವತ್ತು ಮಾಡಿ ಲಕೋಟೆಯೊಳಗ ಹಾಕಿ ಕಳಿಸಲೇನು? ನನಗ ಕಮಲಾಕ್ಷಿ ಆ ಮನೆಗೆ ಹೆಂಗ ಬಂದಳು ಅನ್ನೂದು ಬೇಕೇ ಬೇಕು."

ಪುಸ್ತಕಕ್ಕೆ ಎರಡನೆಯ ಬಾರಿ ಕತ್ತರಿಯೇ? ಕೂಡದೆಂದು ಬರೆದೆ. ಬದಲಾಗಿ ನಕಲು ಮಾಡುವುದೆಂದು ಗೊತ್ತು ಮಾಡಿದೆವು. ನಾನು ಮೊದಲಿನ ಪುಟಗಳನ್ನು ಅವರಿಗೆ, ಅವರು ಕೊನೆಯ ಪುಟಗಳನ್ನು ನನಗೆ, ವಾರಕ್ಕೊಂದು ಕಾಗದ. ಕೈ ನೋಯಲಿ, ಕೊನೆಯನ್ನು ಕ್ರಮವಾಗಿ ಓದಿಯೇ ಮುಟ್ಟುತ್ತೇನೆ! ಮೂರು ತಿಂಗಳು ನನ್ನ ಕಿವಿಯನ್ನು ಗೋಪಾಳರಾಯರಿಂದ, ಶಿವಬಸಪ್ಪನವರಿಂದ ಕಾಪಾಡಿಕೊಂಡರಾಯಿತು.

ಕಾಪಾಡಿಕೊಂಡೆ. ಸಂತೆಗೆ ಹೋಗುವುದನ್ನು ಬಿಟ್ಟೆ. ದಾಂಡೇಲಿಯಿಂದ ಬಂದ ಕಾರ್ಡುಗಳನ್ನು ಮನೆಯವರಿಗೆ ಕೊಟ್ಟು, ಕಥೆಯ ಸುದ್ದಿ ಇಲ್ಲದ ಸಾಲುಗಳನ್ನು ಮಾತ್ರ ಓದಿಸಿ ಕೇಳಿದೆ.

ಆದರೆ ಶಾಂತಾಬಾಯಿಯವರ ಕಾಗದಗಳ ಅವಸ್ಥೆ ಏನೆಂದು ಹೇಳಲಿ! ನಾನು ನನ್ನ ಪಾಲಿನ ಹಾಳೆಗಳಲ್ಲಿ ಒಂದಕ್ಷರವೂ ಹೆಚ್ಚು ಬರೆಯುತ್ತಿರಲಿಲ್ಲ. ಅವರ ಹಾಳೆಗಳಲ್ಲಿ ಮೇಲೆ ಮುಕ್ಕಾಲು ಪುಟ ಕಾದಂಬರಿ, ಕೆಳಗೆ ಕಾಲು ಪುಟ ಊರ ಸುದ್ದಿ. ಅಲ್ಲಿ ಜ್ವರ ಬಹಳವಂತೆ. ಇಂಥ ಓಣಿಯಲ್ಲಿ ಇಷ್ಟು ಮಂದಿ ಮಲಗಿದ್ದಾರಂತೆ. ಕೇಳಿದವರು ಯಾರು? ಕಮಲಾಕ್ಷಿಯ ಜ್ವರ ಏರುತ್ತಿದೆ, ಗಂಡನ ಗಾಡಿ ಹೊಳೆಯ ಈಚೆ ನಿಂತಿದೆ, ಆ ಗಳಿಗೆಯಲ್ಲಿ ಇವರ ಓಣಿಯ ವರ್ತಮಾನ!

ನಾನು ಸುದ್ದಿಯ ಭಾಗವನ್ನು ಕತ್ತರಿಸಿ ತೆಗೆದು, ಕಾದಂಬರಿಯ ಭಾಗವನ್ನಷ್ಟೇ ಕ್ರಮವಾಗಿ ಹೊಲಿದಿಡುತ್ತ ಬಂದೆ. ಕತ್ತರಿಸಿದ ತುಂಡುಗಳ ಹಿಂಬದಿ ಖಾಲಿಯಿತ್ತು. ಕಾಗದದ ಅಭಾವದ ಕಾಲ. ಅಭಿಪ್ರಾಯದ ಚೀಟಿಗೆ ಅಳತೆ ಸರಿಹೋಗುತ್ತಿತ್ತು.

ಭಾದ್ರಪದದ ಹೊತ್ತಿಗೆ ನಾನು ಕೊನೆ ಮುಟ್ಟಿದೆ.

ದಸರೆಗೆ ಗೋಪಾಳರಾಯರನ್ನೂ ಶಿವಬಸಪ್ಪನವರನ್ನೂ ಮನೆಗೆ ಕರೆದೆ. ಇನ್ನು ಯಾವ ಬೀಗವೂ ಬೇಕಿರಲಿಲ್ಲ. ಚಹಾ ಬಂತು, ಅವಲಕ್ಕಿ ಬಂತು. ನಾನೇ ತೊಡಗಿದೆ.

"ಏನ ಅನ್ರಿ, ಆ ಜ್ವರದ ಪ್ರಕರಣ ಬರೆಯೂದು ಸಣ್ಣ ಮಾತಲ್ಲ. ಹತ್ತು ಗ್ರೇನ್ ಕ್ವಿನೈನ್, ದಿನಕ್ಕ ಮೂರು ಸಲ, ಗಂಜಿ ಕುಡಿದ ಮ್ಯಾಲೆ! ಹಣಿಮ್ಯಾಲಿನ ಬಟ್ಟಿ ಎಷ್ಟು ಹೊತ್ತಿಗೊಮ್ಮೆ ಬದಲ ಮಾಡಬೇಕು ಅನ್ನೂದನ್ನೂ ಬಿಟ್ಟಿಲ್ಲ. ನಮ್ಮ ಯಾವ ಕಾದಂಬರಿಕಾರ ಇಷ್ಟು ತಿಳಕೊಂಡು ಬರೀತಾನ?"

ಗೋಪಾಳರಾಯರು ಚಹಾದ ಬಸಿಯನ್ನು ಕೆಳಗಿಟ್ಟರು. "ಕ್ವಿನೈನ್?"

"ಮತ್ತ ಮೂರನೇ ದಿನ ಬೆವರು ಒಡೆಯೂದು! ಅದನ್ನ ಓದೂಮುಂದ ನನಗ ಬೆವರು ಬಂತು."

"ಯಾರಿಗೆ ಬೆವರು ಬಂತ್ರಿ?" ಎಂದರು ಶಿವಬಸಪ್ಪನವರು.

"ಕಮಲಾಕ್ಷಿಗೆ."

"ಬಂದು?"

"ಬಂದು ಏನು? ಜ್ವರ ಇಳೀತು. ಗಂಡ ಬಂದಾಗ ಆಕಿ ಅಂಗಳದಾಗ ಎಳೇ ಬಿಸಿಲಿಗೆ ಕೂತಿದ್ದಳಲ್ಲ! ನೀವು ಓದೀರೋ ಇಲ್ಲೋ?"

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಶಿವಬಸಪ್ಪನವರ ಬಾಯಿ ತೆರೆಯಿತು. "ಮಾಸ್ತರ, ನೀವು ಓದಿದ್ದು ಯಾವ ಪುಸ್ತಕ? ಆಕಿ ಅಲ್ಲೇ—"

ಗೋಪಾಳರಾಯರು ಅವರ ಮೊಣಕಾಲಿನ ಮೇಲೆ ಕೈಯಿಟ್ಟರು. "ಸುಮ್ಮನಿರ್ರಿ. ಮಾಸ್ತರ ಇನ್ನೂ ಆ ಭಾಗ ಮುಟ್ಟಿಲ್ಲ. ನಿಯಮ ಅದ."

ನನಗೆ ಸಿಟ್ಟು ಬಂತು. ಮುಟ್ಟಿಲ್ಲವೇ? ಕೊನೆಯ ಸಾಲಿನವರೆಗೆ ಓದಿದ್ದೇನೆ! ಹಿಂದುಮುಂದಾಗಿ ಓದಿದರೆ ಹೀಗೇ ಆಗುತ್ತದೆ, ತಲೆಯಲ್ಲಿ ಯಾವುದೂ ನಿಲ್ಲುವುದಿಲ್ಲ, ಮತ್ತೊಮ್ಮೆ ಸರಿಯಾಗಿ ಓದಿಕೊಂಡು ಬನ್ನಿರೆಂದು ಗದರಿಸಿದೆ.

"ಹಿಂದಮುಂದ ಓದಿಸಿದವರು ಯಾರ್ರೀ?" ಎಂದರು ಶಿವಬಸಪ್ಪನವರು. ಅವಲಕ್ಕಿಯನ್ನು ಪೂರ್ತಿ ತಿನ್ನದೆ ಎದ್ದರು. ಹೊರಡುವಾಗ ಗೋಪಾಳರಾಯರು ಮಾತ್ರ ಹೊಸಿಲಲ್ಲಿ ನಿಂತು, "ದೋಣಿ ಶುರುವಾಗಲಿ, ಮಾಸ್ತರ. ಆಮ್ಯಾಲೆ ಮಾತಾಡೂಣು" ಎಂದರು. ಆ ದನಿಯಲ್ಲಿ ಅಣಕವಿರಲಿಲ್ಲ. ಅದೇ ನನ್ನನ್ನು ಹೆಚ್ಚು ರೇಗಿಸಿತು.

ಕಳೆದ ವಾರ ದೋಣಿ ಶುರುವಾಯಿತು. ನಾಲ್ಕನೆಯ ಭಾಗ ಬಂತು.

ಈ ಸಲ ಗಂಟು ಬಿಚ್ಚಿದೆ. ನೇರವಾಗಿ ಜ್ವರದ ಪ್ರಕರಣಕ್ಕೆ ಹೋದೆ. ಕ್ವಿನೈನ್ ಇಲ್ಲ. ಗಂಜಿ ಇಲ್ಲ. ಹಣೆಯ ಮೇಲಿನ ಬಟ್ಟೆ ಇಲ್ಲ. ಮುದ್ರಿತ ಪುಸ್ತಕದಲ್ಲಿ ಕಮಲಾಕ್ಷಿ ಗಂಡನ ಹೆಸರು ಕರೆಯುತ್ತ ಹನ್ನೊಂದು ಸಾಲುಗಳಲ್ಲಿ ತೀರಿಕೊಂಡಿದ್ದಾಳೆ. ಗಂಡ ಹನ್ನೆರಡನೆಯ ಸಾಲಿಗೆ ಬರುತ್ತಾನೆ.

ಮೂರು ತಿಂಗಳು ನಾನು ಕಾಪಾಡಿಕೊಂಡ ಕೊನೆ ಇದು. ಹೊಲಿದಿಟ್ಟ ಕೈಬರಹದ ಹಾಳೆಗಳಲ್ಲಿ ನಾನು ಕೆಂಪು ಮಸಿಯಿಂದ ಅಲ್ಲಲ್ಲಿ ತಿದ್ದಿದ್ದೆ; ನಕಲಿನಲ್ಲಿ ನುಸುಳಿದ ತಪ್ಪುಗಳೆಂದು. ನಕಲೇ ಅಲ್ಲವೆಂಬುದು ಒಂದು ಸಲವೂ ಹೊಳೆಯಲಿಲ್ಲ. ಇಂಥ ದ್ರೋಹಕ್ಕೆ ಏನೆನ್ನಬೇಕು? ಓದುಗನ ಹಕ್ಕು ಹೋಗಲಿ, ಬರೆದವನ ಹಕ್ಕು? ಬಿರುಸಾದ ಒಂದು ಕಾಗದವನ್ನು ಮನಸ್ಸಿನಲ್ಲಿಯೇ ಬರೆಯುತ್ತ ಪುಟ ತಿರುವಿದೆ. ಒಳಗೆ ಅವರ ಚೀಟಿಯಿತ್ತು.

ಹೆಸರು: ಶಾಂತಾಬಾಯಿ. ಪುಟ: ಕಡೆಯದು. ಅಭಿಪ್ರಾಯ: "ಮಾಸ್ತರ, ಈ ಹನ್ನೊಂದು ಸಾಲು ನಕಲು ಮಾಡಲಿಕ್ಕೆ ಕೈ ಏಳಲಿಲ್ಲ. ಆ ವಾರ ಇಲ್ಲಿ ಜ್ವರದಿಂದ ಮೂವರು ಹೋದರು. ಒಬ್ಬಳು ಕಮಲಾಕ್ಷಿ ವಯಸ್ಸಿನಾಕಿ. ನನ್ನ ಕಪಾಟಿನಾಗ ಕ್ವಿನೈನ್ ಇರಲಿಲ್ಲ. ಕಾಗದದ ಮ್ಯಾಲೆ ಕೊಡಲಿಕ್ಕೆ ಬರತಿತ್ತು, ಕೊಟ್ಟೆ."

ಐದು ವಾಕ್ಯ. ನಿಯಮದ ಪ್ರಕಾರ ಎರಡೇ.

ನಿಯಮ ನಿಯಮವೇ. ನನ್ನ ಅಭಿಪ್ರಾಯವನ್ನೂ ಬರೆದಿಡಬೇಕಲ್ಲ? ಒಂದು ಖಾಲಿ ಚೀಟಿ ತೆಗೆದುಕೊಂಡೆ. ಹೆಸರು ಬರೆದೆ. ಪುಟ ಬರೆದೆ. ಮಸಿ ಆರಲೆಂದು ಎತ್ತಿ ಹಿಡಿದಾಗ ಹಿಂಬದಿಯಲ್ಲಿ ಅಕ್ಷರಗಳು ಕಂಡವು. ನಾನೇ ಕತ್ತರಿಸಿದ ತುಂಡು. "ಈ ವಾರನೂ ಔಷಧದ ಪೆಟ್ಟಿಗಿ ಬರಲಿಲ್ಲ ಮಾಸ್ತರ. ಯುದ್ಧ ಅಂತಾರ. ನೀವು ಪತ್ರಿಕೆಗೆ ಬರಿಯೂವರು, ಯಾರಿಗಾದರೂ—"

ಅಲ್ಲಿಗೆ ನನ್ನ ಕತ್ತರಿ ಬಿದ್ದಿತ್ತು. ಉಳಿದದ್ದು ಇನ್ನಾವುದೋ ಚೀಟಿಯ ಬೆನ್ನಿಗೆ ಹೋಗಿದೆ.

ಎಲ್ಲ ಚೀಟಿಗಳನ್ನೂ ಹೊರತೆಗೆದು, ಮಗುಚಿ, ತಾರೀಖಿನ ಕ್ರಮದಲ್ಲಿ ಜೋಡಿಸಿದೆ. ಕ್ರಮದಲ್ಲಿ ಜೋಡಿಸುವುದು ನನಗೆ ಬರುವ ಕೆಲಸ. ಜೋಡಿಸಿದಾಗ ಅದೂ ಒಂದು ಕಥೆಯಾಗಿಯೇ ಇತ್ತು. ಬೇಸಿಗೆಯಿಂದ ಕೊನೆಯ ಭಾಗಕ್ಕಾಗಿ ಹಂಬಲಿಸಿದವನು ಇದರ ಒಂದು ಸಾಲನ್ನೂ ಮನಸ್ಸಿಟ್ಟು ಓದಿರಲಿಲ್ಲ.

"ಏನ ಓದಾಕತ್ತೀರಿ?" ಎಂದರು ಮನೆಯವರು.

"ಜೋಯಿಡಾದ ಸುದ್ದಿ."

"ಈಗೇನ? ಅದು ಆಷಾಢದಾಗ ಬಂದದ್ದಲ್ಲೇನ!"

ನಿನ್ನೆ ನಾಲ್ಕೂ ಭಾಗಗಳನ್ನು ಮತ್ತೆ ಒಂದಾಗಿ ಹೊಲಿಸಿದೆ. ಶಾಂತಾಬಾಯಿಯವರ ಹಾಳೆಗಳನ್ನು ಮುದ್ರಿತ ಪುಟಗಳಾದ ಮೇಲೆ, ರಟ್ಟಿಗೆ ಮೊದಲು ಸೇರಿಸಿದ್ದೇನೆ. ಕೆಂಪು ಮಸಿಯ ತಿದ್ದುಪಡಿಗಳಿಗೆ ಕ್ಷಮೆ ಕೇಳಿ ಕಾಗದವನ್ನೂ ಬರೆದಿದ್ದೇನೆ. (ಅವರ ಕೊನೆ ಸರಿಯೆಂದು ಒಪ್ಪಿಲ್ಲ, ಪರರ ಪುಸ್ತಕವನ್ನು ತಿದ್ದುವುದು ತಪ್ಪೇ.) ಪುಸ್ತಕ ಈ ವಾರ ಜೋಯಿಡಾಕ್ಕೆ ಹೋಗುತ್ತದೆ, ಮೊದಲಿನಿಂದ ಕೊನೆಯವರೆಗೆ, ಒಂದೇ ಗಂಟಿನಲ್ಲಿ.

ಚೀಟಿಯಲ್ಲಿ ಅಭಿಪ್ರಾಯದ ಜಾಗ ಇನ್ನೂ ಖಾಲಿಯಿತ್ತು. ಎರಡು ವಾಕ್ಯಕ್ಕೆ ಅವಕಾಶವಿತ್ತು, ಒಂದೇ ಸಾಕಾಯಿತು. ಅದರ ನಕಲನ್ನು ಅಕ್ಷರಕ್ಕೆ ಅಕ್ಷರ ಇಲ್ಲಿಯೂ ಕೊಡುತ್ತಿದ್ದೇನೆ, ಓದಬೇಕಾದವರು ಈ ಸಲವಾದರೂ ಕತ್ತರಿಸದೆ ಓದಲಿ ಎಂದು:

ಜೋಯಿಡಾಕ್ಕೆ ಕ್ವಿನೈನ್ ಕಳಿಸಿರಿ.